ಪಟ್ಟಿಯಲ್ಲಿ ಇಲ್ಲದ ದಾವಣಗೆರೆ: ಕಷ್ಟದ ದಿನಗಳಲ್ಲಿ ಬೀದಿ ಫೋಟೋಗ್ರಫಿ

ದಾವಣಗೆರೆಯಲ್ಲಿ ಫೋಟೋ ತೆಗೆಯೋಕೆ ಏನಿದೆ ಅಂತ ಯಾರನ್ನಾದರೂ ಕೇಳಿ ನೋಡಿ. ಗಾಜಿನ ಮನೆ ಅನ್ನುತ್ತಾರೆ. ಸ್ವಲ್ಪ ಯೋಚಿಸಿ ಸೂಳೆಕೆರೆ ಅನ್ನುತ್ತಾರೆ. ಅದೂ ಆಯ್ತು ಅಂದರೆ "ಬೈಕ್ ಹತ್ತಿ ದುರ್ಗಕ್ಕೆ ಹೋಗಿ, ಕೋಟೆ ಇದೆಯಲ್ಲ" ಅಂತ ಕಳಿಸಿಬಿಡುತ್ತಾರೆ. ಚೌಕಿಪೇಟೆಯಲ್ಲಿ ಮೂಟೆ ಇಳಿಸಿ ಟವೆಲ್ ಕೊಡವುವ ಹಮಾಲಿ, ಒಂದು ಕೈಯಲ್ಲಿ ಮಿರ್ಚಿ ತಿರುವುತ್ತಾ ಇನ್ನೊಂದರಲ್ಲಿ ಫೋನ್ ಹಿಡಿದ ಹುಡುಗ, ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗನ್ನೇ ದಿಂಬು ಮಾಡಿಕೊಂಡು ಮಲಗಿದವನು, ಇವರ್ಯಾರೂ ಆ ಪಟ್ಟಿಯಲ್ಲಿ ಬರುವುದಿಲ್ಲ. ಬೀದಿ ಫೋಟೋಗ್ರಫಿ ಶುರುವಾಗುವುದೇ ಆ ಪಟ್ಟಿ ಮುಗಿದ ಮೇಲೆ.

ಹೆಸರು ದೊಡ್ಡದಾಗಿ ಕೇಳಿಸುತ್ತದೆ, ಕೆಲಸ ಸರಳ. ಸಾರ್ವಜನಿಕ ಜಾಗದಲ್ಲಿ ನಡೆಯುತ್ತಿರುವುದನ್ನು ಯಾರನ್ನೂ ನಿಲ್ಲಿಸದೆ, ಏನನ್ನೂ ಜೋಡಿಸದೆ, ಇದ್ದ ಹಾಗೇ ಹಿಡಿಯುವುದು. ಪೇಪರಿನವರಿಗೆ ಸುದ್ದಿ ಬೇಕು. ನಮ್ಮಂಥ ಮದುವೆ ಫೋಟೋದವರಿಗೆ ಮುಹೂರ್ತ ಬೇಕು, ಮಂಟಪ ಬೇಕು, "ಸ್ವಲ್ಪ ಈ ಕಡೆ ನೋಡಿ" ಅಂತ ಹೇಳಬೇಕು. ಬೀದಿಯಲ್ಲಿ ಇವು ಯಾವುವೂ ಇಲ್ಲ. ಹಾಗಾದರೆ ಹೋಗುವ ಬರುವ ಜನರ ಫೋಟೋದಲ್ಲಿ ಅರ್ಥ ಅನ್ನುವುದು ಎಲ್ಲಿಂದ ಬರುತ್ತದೆ? ಕೈಯಲ್ಲಿ ಕಾಸಿಲ್ಲದ, ಮನಸ್ಸಿಗೆ ನೆಮ್ಮದಿ ಇಲ್ಲದ ಕಾಲದಲ್ಲೇ ಜನ ಯಾಕೆ ಕ್ಯಾಮೆರಾ ಹಿಡಿದು ಬೀದಿಗೆ ಇಳಿಯುತ್ತಾರೆ? ಈ ಎರಡು ಪ್ರಶ್ನೆಗೆ ಉತ್ತರ ಹತ್ತಿರ ಹತ್ತಿರ ಒಂದೇ.

ಸ್ಟುಡಿಯೋದಿಂದ ಕೆಳಗಿಳಿದವರು

1929ರಲ್ಲಿ ಅಮೆರಿಕದ ಶೇರು ಪೇಟೆ ಕುಸಿಯಿತು. ಮುಂದಿನ ಮೂರ್ನಾಲ್ಕು ವರ್ಷಗಳಲ್ಲಿ ಕೋಟಿಗೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಆಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೊರೊಥಿಯಾ ಲ್ಯಾಂಗ್ ಎಂಬ ಮಹಿಳೆ ಸ್ಟುಡಿಯೋ ನಡೆಸುತ್ತಿದ್ದರು. ಅನುಕೂಲಸ್ಥರ ಮನೆಯವರನ್ನು ಕೂರಿಸಿ ಫೋಟೋ ತೆಗೆಯುವುದು ಅವರ ಕಸುಬು. ಕಿಟಕಿಯಿಂದ ಕೆಳಗೆ ನೋಡಿದರೆ ಕೆಲಸವಿಲ್ಲದೆ ಅಲೆಯುವ ಗಂಡಸರು. ಒಳಗೆ ತಾನು ತೆಗೆಯುತ್ತಿರುವುದಕ್ಕೂ ಹೊರಗೆ ಕಾಣುತ್ತಿರುವುದಕ್ಕೂ ಸಂಬಂಧವೇ ಇಲ್ಲ ಅನ್ನಿಸಿ ಅವರು ಕ್ಯಾಮೆರಾ ಹಿಡಿದು ರಸ್ತೆಗೆ ಇಳಿದರು. ಹತ್ತಿರದಲ್ಲೇ ಒಬ್ಬ ವಿಧವೆ ಹಸಿದವರಿಗೆ ಊಟ ಹಾಕುತ್ತಿದ್ದರು. 1933ರಲ್ಲಿ ಆ ಸಾಲಿನಲ್ಲಿ ಲ್ಯಾಂಗ್ ತೆಗೆದ ಒಂದು ಫೋಟೋ ಇವತ್ತಿಗೂ ಹೆಸರಾಗಿದೆ.

ಅದರಲ್ಲಿ ಇರುವುದು ಇಷ್ಟು. ಗುಂಪಿನವರು ಬೆನ್ನು ತಿರುಗಿಸಿ ನಿಂತಿದ್ದಾರೆ. ಒಬ್ಬ ವಯಸ್ಸಾದವನು ಮಾತ್ರ ಈ ಕಡೆ ತಿರುಗಿದ್ದಾನೆ. ಮಾಸಿದ ಹ್ಯಾಟಿನ ಅಂಚು ಕಣ್ಣನ್ನು ಮುಚ್ಚಿದೆ. ಮರದ ಅಡ್ಡಪಟ್ಟಿಯ ಮೇಲೆ ಕೈಯೂರಿ ಎರಡೂ ಅಂಗೈ ಬೆಸೆದಿದ್ದಾನೆ. ತೋಳುಗಳ ನಡುವೆ ಒಂದು ತಗಡಿನ ಲೋಟ. ಊಟ ಕಾಣುವುದಿಲ್ಲ. ಯಾರೂ ಅಳುತ್ತಿಲ್ಲ. ಎಲ್ಲರೂ ಒಂದು ಕಡೆ, ಒಬ್ಬ ಇನ್ನೊಂದು ಕಡೆ, ಅಷ್ಟೇ. ಅವನನ್ನು ಒಬ್ಬನೇ ನಿಲ್ಲಿಸಿ ತೆಗೆದಿದ್ದರೆ ಅದು ಒಬ್ಬ ಮುದುಕನ ಫೋಟೋ ಆಗುತ್ತಿತ್ತು. ಗುಂಪನ್ನು ಮಾತ್ರ ತೆಗೆದಿದ್ದರೆ ಒಂದು ಸರತಿಯ ಫೋಟೋ ಆಗುತ್ತಿತ್ತು. ಎರಡೂ ಒಟ್ಟಿಗೆ ಇರುವುದರಿಂದ ನಾವು ನಿಂತು ನೋಡುತ್ತೇವೆ.

ಲ್ಯಾಂಗ್ ಕಥೆ ನಮ್ಮ ಕಸುಬಿನವರಿಗೆ ಬೇಗ ನಾಟುತ್ತದೆ. 2020ರ ಮಾರ್ಚ್ 25ರಿಂದ ದೇಶಕ್ಕೇ ಬೀಗ ಬಿದ್ದಾಗ ಮದುವೆ ಸೀಸನ್ ಎದುರಿಗೇ ಇತ್ತು. ಮುಂಗಡ ವಾಪಸ್ ಕೊಡಬೇಕಾಯಿತು. ಬೀಗ ತೆಗೆದ ಮೇಲೂ ಆರ್ಡರ್ ಇರಲಿಲ್ಲ, ಕ್ಯಾಮೆರಾ ಇತ್ತು. ಊರಿನ ಎಷ್ಟೋ ಹುಡುಗರು ಬೀದಿ ಫೋಟೋ ಶುರುಮಾಡಿದ್ದು ಆಗಲೇ. ಕಲೆ ಮಾಡೋಣ ಅಂತ ಹೊರಟವರು ಕಡಿಮೆ. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ ಅಂತ ಹೊರಟವರೇ ಜಾಸ್ತಿ.

ಬೀದಿಗೂ ಹೋಗಲಾಗದವರು ಕಿಟಕಿಯನ್ನೇ ಬೀದಿ ಮಾಡಿಕೊಂಡ ಉದಾಹರಣೆಗಳೂ ಇವೆ. ಪ್ರಾಗ್ ನಗರದ ಫೋಟೋಗ್ರಾಫರ್ ಜೋಸೆಫ್ ಸುಡೆಕ್ ಅವರು ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದರು. ಎರಡನೇ ಯುದ್ಧದ ಹೊತ್ತಿಗೆ ಪ್ರಾಗ್ ಜರ್ಮನ್ನರ ಕೈಯಲ್ಲಿತ್ತು, ಕ್ಯಾಮೆರಾ ಹಿಡಿದು ಹೊರಗೆ ಹೋದರೆ ಅನುಮಾನ. ಅವರು ಸ್ಟುಡಿಯೋದ ಕಿಟಕಿ ಗಾಜು, ಅದರ ಮೇಲೆ ಕಟ್ಟಿದ ಹಬೆ, ಆಚೆ ಇದ್ದ ಸೊಟ್ಟ ಮರ, ಇವನ್ನೇ ವರ್ಷಗಟ್ಟಲೆ ತೆಗೆದರು. ಹಂಗೇರಿಯಲ್ಲಿ ಹುಟ್ಟಿದ ಫೋಟೋಗ್ರಾಫರ್ ಆಂದ್ರೆ ಕೆರ್ಟೆಸ್ 1977ರಲ್ಲಿ ಹೆಂಡತಿ ತೀರಿಕೊಂಡ ಮೇಲೆ ನ್ಯೂಯಾರ್ಕಿನ ತಮ್ಮ ಮನೆಯ ಕಿಟಕಿಯಲ್ಲೇ ಒಂದು ಸಣ್ಣ ಪೋಲರಾಯ್ಡ್ ಕ್ಯಾಮೆರಾ ಇಟ್ಟುಕೊಂಡು ಕೆಲಸಕ್ಕೆ ಕೂತರು. ಆಗ ಅವರ ವಯಸ್ಸು 80 ದಾಟಿತ್ತು.

ಇದರಿಂದ ಮನಸ್ಸಿಗೆ ಆಗುವುದಾದರೂ ಏನು? ಚಿಂತೆಗೆ ಒಂದು ಗುಣ ಇದೆ, ಅದು ನಿನ್ನೆಯಲ್ಲೋ ನಾಳೆಯಲ್ಲೋ ಓಡಾಡುತ್ತಿರುತ್ತದೆ. ಕ್ಯಾಮೆರಾ ಈ ಕ್ಷಣದ್ದನ್ನು ಮಾತ್ರ ಕೇಳುತ್ತದೆ. ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ, ಅಜ್ಜಿಯ ಹಿಂದೆ ಆ ಕೆಂಪು ಬಕೆಟ್ ಯಾಕಿದೆ, ಸೈಕಲ್ಲಿನವನು ಇನ್ನೊಂದು ಹೆಜ್ಜೆ ಮುಂದೆ ಬರುತ್ತಾನಾ? ಇಂಥ ಸಣ್ಣ ಸಣ್ಣ ತೀರ್ಮಾನ ಮಾಡುತ್ತಿರುವಾಗ ಸಾಲದ ಕಂತು ನೆನಪಾಗುವುದಿಲ್ಲ. ಮನೆಗೆ ಬಂದ ಮೇಲೆ ಮತ್ತೆ ನೆನಪಾಗುತ್ತದೆ, ಅದು ಬೇರೆ ಮಾತು. ಫೋಟೋ ತೆಗೆದರೆ ಕಂತು ಕಟ್ಟಿದಂತೆ ಆಗುವುದಿಲ್ಲ. ತಿಂಗಳುಗಟ್ಟಲೆ ನಿದ್ದೆ ಬಾರದಿದ್ದರೆ ಹೋಗಬೇಕಾದ್ದು ಡಾಕ್ಟರ ಹತ್ತಿರ.

ಒಂದು ಮಾತು ಮಾತ್ರ ನನಗೆ ಹಿಡಿಸುವುದಿಲ್ಲ. "ನಿನಗಿಂತ ಕಷ್ಟದಲ್ಲಿರೋರನ್ನ ನೋಡಿ ಸಮಾಧಾನ ಮಾಡ್ಕೊ" ಅನ್ನುತ್ತಾರಲ್ಲ, ಅದು. ಆ ಕಣ್ಣಿನಿಂದ ಬೀದಿಗೆ ಹೋದರೆ ಕೆಟ್ಟ ಫೋಟೋಗಳೇ ಬರುತ್ತವೆ. ಎದುರಿಗಿರುವವರು ನಮ್ಮ ಸಮಾಧಾನದ ಗುಳಿಗೆ ಆಗಿಬಿಡುತ್ತಾರೆ.

ಒಂದರ ಪಕ್ಕ ಇನ್ನೊಂದು

ಈಗ ಅರ್ಥದ ವಿಷಯಕ್ಕೆ ಬರೋಣ. ಜಾಸ್ತಿ ಜನ ಅಂದುಕೊಳ್ಳುವುದು ಏನೆಂದರೆ, ಎಲ್ಲೋ ಒಂದು ಅರ್ಥ ತುಂಬಿದ ದೃಶ್ಯ ಸಿದ್ಧವಾಗಿ ಕೂತಿರುತ್ತದೆ, ಅದೃಷ್ಟ ಇದ್ದರೆ ಕಣ್ಣಿಗೆ ಬೀಳುತ್ತದೆ ಅಂತ. ನಿಜವಾಗಿ ನಡೆಯುವುದು ಬೇರೆ. ಫೋಟೋದಲ್ಲಿ ಎರಡು ವಸ್ತು ಅಕ್ಕಪಕ್ಕ ಬಂದಾಗ ನೋಡುವವರ ತಲೆ ತಾನಾಗಿ ಅವೆರಡಕ್ಕೂ ಗಂಟು ಹಾಕುತ್ತದೆ. ಆ ಗಂಟೇ ಅರ್ಥ. ಯಾವ ಎರಡನ್ನು ಒಂದೇ ಚೌಕಟ್ಟಿಗೆ ತರಬೇಕು ಅನ್ನುವುದು ಮಾತ್ರ ಫೋಟೋ ತೆಗೆಯುವವನ ಕೈಯಲ್ಲಿದೆ.

ನಮ್ಮೂರಲ್ಲಿ ದಿನಾ ಕಾಣುವ ಒಂದನ್ನೇ ತೆಗೆದುಕೊಳ್ಳೋಣ. ಫ್ಲೆಕ್ಸ್. ಹುಟ್ಟುಹಬ್ಬಕ್ಕೋ ಚುನಾವಣೆಗೋ ಹಾಕಿದ ಬ್ಯಾನರು ಕೆಲಸ ಮುಗಿದ ಮೇಲೆ ಎರಡನೇ ಜನ್ಮ ಎತ್ತುತ್ತದೆ. ತಳ್ಳುಗಾಡಿಗೆ ನೆರಳಾಗುತ್ತದೆ. ಮೆಕ್ಕೆಜೋಳ ಒಣಗಿಸಲು ಹಾಸಾಗುತ್ತದೆ. ಮಳೆಗಾಲದಲ್ಲಿ ಗುಡಿಸಲಿನ ಮಾಡಾಗುತ್ತದೆ. ಮಾರ್ಕೆಟ್ಟಿನ ಬದಿಯಲ್ಲಿ ಅಂಥ ಒಂದು ಫ್ಲೆಕ್ಸ್ ಕಟ್ಟಿಕೊಂಡು ಒಬ್ಬ ಅಮ್ಮ ಸೊಪ್ಪು ಮಾರುತ್ತಿದ್ದಾರೆ ಅಂತ ಇಟ್ಟುಕೊಳ್ಳಿ. ಫ್ಲೆಕ್ಸಿನಲ್ಲಿ ಯಾರೋ ನಾಯಕರು ಕೈಮುಗಿದು ನಗುತ್ತಿದ್ದಾರೆ.

ನೇರ ಎದುರಿಗೆ ನಿಂತು ತೆಗೆದರೆ ಸೊಪ್ಪಿನ ರಾಶಿ, ಅಮ್ಮ, ಮೇಲೆ ಬಣ್ಣದ ಬಟ್ಟೆ. ಮಾಹಿತಿ ಇದೆ, ಬೇರೇನೂ ಇಲ್ಲ. ಎರಡು ಹೆಜ್ಜೆ ಎಡಕ್ಕೆ ಸರಿದು ಕುಕ್ಕರುಗಾಲಲ್ಲಿ ಕೂತು ನೋಡಿ. ಈಗ ನಾಯಕರ ಮುಗಿದ ಕೈ ಅಮ್ಮನ ತಲೆಯ ಮೇಲೆ ಸರಿಯಾಗಿ ಬರುತ್ತದೆ. ಕೆಳಗೆ ಅಮ್ಮನ ಕೈ ಚಿಲ್ಲರೆ ಎಣಿಸುತ್ತಿದೆ. ಎರಡು ಜೊತೆ ಕೈ. ಒಂದು ಕೇಳುತ್ತಿದೆ, ಒಂದು ಎಣಿಸುತ್ತಿದೆ. ಯಾರೂ ಏನೂ ಹೇಳಿಲ್ಲ, ಆದರೂ ಫೋಟೋ ಮಾತಾಡಲು ಶುರುಮಾಡಿತು. ಇನ್ನು ಬಲಕ್ಕೆ ಬಂದರೆ ನಾಯಕರು ಚೌಕಟ್ಟಿನಿಂದ ಆಚೆ ಹೋಗುತ್ತಾರೆ. ಸೊಪ್ಪಿನ ಕಟ್ಟುಗಳ ಹಿಂದೆ ಅಮ್ಮನ ಊಟದ ಡಬ್ಬಿ ಕಾಣುತ್ತದೆ, ಅದರ ಮೇಲೆ ಮಗುವಿನ ಒಂದು ಚಪ್ಪಲಿ. ಈಗ ಅದು ರಾಜಕೀಯದ ಫೋಟೋ ಅಲ್ಲ, ಒಂದು ಮನೆಯ ಫೋಟೋ.

ದೃಶ್ಯ ಒಂದೇ, ಅಮ್ಮನೂ ಒಬ್ಬರೇ. ಬದಲಾಗಿದ್ದು ನಾವು ನಿಂತ ಜಾಗ. ಅದಕ್ಕೇ "ಕ್ಯಾಮೆರಾ ಸುಳ್ಳು ಹೇಳಲ್ಲ" ಅನ್ನುವ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಜೂಮ್ ಮಾಡಿ ದೂರದಿಂದ ತೆಗೆಯಬೇಡಿ ಅಂತ ಬೀದಿ ಫೋಟೋದವರು ಹೇಳುವುದಕ್ಕೂ ಇದೇ ಕಾರಣ. ಜೂಮ್ ಮಾಡಿದರೆ ಮುಖ ದೊಡ್ಡದಾಗುತ್ತದೆ, ಪಕ್ಕದ ವಸ್ತುಗಳೆಲ್ಲ ಚೌಕಟ್ಟಿನಿಂದ ಆಚೆ ಹೋಗುತ್ತವೆ. ಗಂಟು ಹಾಕಲು ಏನೂ ಉಳಿಯುವುದಿಲ್ಲ. ಅದಕ್ಕೇ ಅಗಲವಾಗಿ ಕಾಣುವ 28 ಅಥವಾ 35 ಎಂಎಂ ಲೆನ್ಸ್ ಹಾಕಿಕೊಂಡು ಹತ್ತಿರ ಹೋಗುವುದು ವಾಡಿಕೆ. 28 ಎಂಎಂ ಲೆನ್ಸಿನಲ್ಲಿ ಬೆಳಕಿನ ಕಿಂಡಿಯನ್ನು (ಅಪರ್ಚರ್) ಎಫ್/8ಕ್ಕೆ ಇಟ್ಟು ಸುಮಾರು 3.3 ಮೀಟರ್ ದೂರಕ್ಕೆ ಫೋಕಸ್ ಮಾಡಿಬಿಟ್ಟರೆ, ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಒಂದೂಮುಕ್ಕಾಲು ಮೀಟರಿನಿಂದ ಆಚೆ ಇರುವುದೆಲ್ಲ ಸ್ಪಷ್ಟವಾಗಿ ಬರುತ್ತದೆ. ಮತ್ತೆ ಫೋಕಸ್ ಮಾಡುವ ಗೋಜೇ ಇಲ್ಲ. ನಡೆಯುವವರಿಗೆ ಶಟರ್ 1/250 ಸೆಕೆಂಡ್ ಸಾಕು, ಸೈಕಲ್ಲಿಗೆ 1/500 ಇರಲಿ. ಫೋನಿನಲ್ಲಿ ಇದೆಲ್ಲ ತಾನಾಗಿ ಆಗುತ್ತದೆ, ಅದರ ಮಾಮೂಲಿ ಲೆನ್ಸೂ ಹೆಚ್ಚುಕಡಿಮೆ ಇಷ್ಟೇ ಅಗಲದ್ದು. ಹೊಸ ಕ್ಯಾಮೆರಾ ಇಲ್ಲ ಅನ್ನುವ ನೆಪ ನಡೆಯುವುದಿಲ್ಲ.

ಕಾಯುವುದು

ಕೆಲವರು ನಡೆಯುತ್ತಾ ನಡೆಯುತ್ತಾ ಹುಡುಕುತ್ತಾರೆ. ಕೆಲವರು ಒಳ್ಳೆಯ ಜಾಗ ಹಿಡಿದು ನಿಂತು, ಯಾರಾದರೂ ಅದರೊಳಗೆ ಬರಲಿ ಅಂತ ಕಾಯುತ್ತಾರೆ. ನನ್ನ ಓಟು ಎರಡನೆಯದಕ್ಕೆ. ಅದರಲ್ಲೂ ರೈಲ್ವೆ ಗೇಟಿಗೆ.

ಗೇಟ್ ಬಿದ್ದರೆ ಎಲ್ಲರಿಗೂ ಬೇಜಾರು, ಫೋಟೋದವನಿಗೆ ಮಾತ್ರ ಹಬ್ಬ. ಓಡುತ್ತಿದ್ದ ಊರು ಐದು ನಿಮಿಷ ತಾನಾಗಿ ನಿಲ್ಲುತ್ತದೆ. ಬೈಕಿನವನು ಒಂದು ಕಾಲು ಕೆಳಗಿಟ್ಟು ಹೆಲ್ಮೆಟ್ ಮೇಲೆತ್ತುತ್ತಾನೆ. ಹಿಂದೆ ಕೂತ ಹೆಂಡತಿ ಸೆರಗು ಸರಿಮಾಡಿಕೊಂಡು, ಇಷ್ಟೊತ್ತು ತಡೆದಿದ್ದ ಮಾತನ್ನು ಕಿವಿಯ ಹತ್ತಿರ ಹೇಳುತ್ತಾರೆ. ಆಟೋದೊಳಗಿನ ಸ್ಕೂಲ್ ಮಕ್ಕಳು ಕೈ ಹೊರಗೆ ಹಾಕುತ್ತಾರೆ. ಒಬ್ಬ ಗೇಟಿನ ಕೆಳಗೆ ಬಗ್ಗಿ ನುಗ್ಗಲು ನೋಡುತ್ತಾನೆ. ಯಾರೂ ಯಾರಿಗೂ ಮುಖ ತೋರಿಸಬೇಕಾಗಿಲ್ಲ, ಹಾಗಾಗಿ ಎಲ್ಲರ ಮುಖವೂ ತಮ್ಮ ತಮ್ಮ ಮುಖವಾಗಿಯೇ ಇರುತ್ತದೆ. ಅವರವರ ಯೋಚನೆ ಮುಖದ ಮೇಲೆ ಬರುವುದು ಆಗಲೇ.

ಫ್ರಾನ್ಸಿನ ಹೆನ್ರಿ ಕಾರ್ತಿಯೆ ಬ್ರೆಸ್ಸೋನ್ ಈ ಕಲೆಯ ಹಿರಿಯರು. ಓಡುವ ಬದುಕಿನಲ್ಲಿ ಎಲ್ಲವೂ ಒಂದಕ್ಕೊಂದು ಕೂಡಿಬರುವ ಒಂದೇ ಒಂದು ಕ್ಷಣ ಇರುತ್ತದೆ ಅನ್ನುವ ಮಾತಿಗೆ ಅವರ ಹೆಸರು ಅಂಟಿಕೊಂಡಿದೆ. 1932ರಲ್ಲಿ ಅವರು ಪ್ಯಾರಿಸ್ಸಿನ ಒಂದು ರೈಲು ನಿಲ್ದಾಣದ ಹಿಂದೆ, ಬೇಲಿಯ ಹಲಗೆಗಳ ಸಂದಿಯಲ್ಲಿ ಕ್ಯಾಮೆರಾ ಇಟ್ಟು ತೆಗೆದ ಫೋಟೋದಲ್ಲಿ ಒಬ್ಬ ಮನುಷ್ಯ ನಿಂತ ನೀರಿನ ಮೇಲೆ ಹಾರುತ್ತಿದ್ದಾನೆ. ಹಿಮ್ಮಡಿ ಇನ್ನೂ ನೀರು ಮುಟ್ಟಿಲ್ಲ. ಹಿಂದಿನ ಗೋಡೆಯ ಪೋಸ್ಟರಿನಲ್ಲೂ ಒಬ್ಬ ನರ್ತಕಿ ಹಾಗೇ ಹಾರುತ್ತಿದ್ದಾಳೆ. ಮತ್ತೆ ಅದೇ, ಒಂದರ ಪಕ್ಕ ಇನ್ನೊಂದು.

ಬಿಳಿ ಮಂಡಕ್ಕಿ, ಕಪ್ಪು ಹಂಚು

ಬೆಳಕಿನ ಬಗ್ಗೆ ನಮ್ಮೂರಿಗೇ ಸೇರಿದ ಒಂದೆರಡು ಮಾತು. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ, ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆರಳು ಕಾಲಡಿ ಸೇರಿಕೊಳ್ಳುತ್ತದೆ, ಹುಬ್ಬಿನ ಕೆಳಗೆ ಕಣ್ಣು ಎರಡು ಕಪ್ಪು ಗುಳಿ ಆಗುತ್ತದೆ. ಬೇಸಿಗೆಯಲ್ಲಿ ಒಂಬತ್ತು ಗಂಟೆಯೊಳಗೆ ಅಥವಾ ಸಂಜೆ ಐದರ ಮೇಲೆ ಹೋಗುವುದು ಒಳ್ಳೆಯದು. ಡಿಸೆಂಬರಿನಲ್ಲಿ ಹಾಗಲ್ಲ. ನಡುಮಧ್ಯಾಹ್ನವೂ ಸೂರ್ಯ 54 ಡಿಗ್ರಿ ಎತ್ತರಕ್ಕಿಂತ ಮೇಲೆ ಹೋಗುವುದಿಲ್ಲ, ಬೆಳಕು ಓರೆಯಾಗಿ ಬೀಳುತ್ತದೆ. ಚಳಿಗಾಲದ ಬಿಸಿಲಲ್ಲಿ ಹಳೇ ಪೇಟೆ ಚಂದ ಕಾಣುವುದಕ್ಕೆ ಇದೇ ಲೆಕ್ಕ.

ಇನ್ನೊಂದು, ಮಂಡಕ್ಕಿ ಭಟ್ಟಿ. ಬಿಸಿ ಮರಳಲ್ಲಿ ಅಕ್ಕಿ ಚಟಚಟ ಅಂತ ಅರಳುವ ಜಾಗ. ಒಳಗೆಲ್ಲ ಹೊಗೆ, ಧೂಳು. ತಗಡಿನ ಸಂದಿಯಿಂದ ಬಿಸಿಲು ಬಿದ್ದರೆ ಆ ಹೊಗೆಯಲ್ಲಿ ಬೆಳಕೇ ಒಂದು ಕೋಲಾಗಿ ಕಾಣುತ್ತದೆ. ಬರಿ ಗಾಳಿಯಲ್ಲಿ ಬೆಳಕು ಹಾಯುವುದು ನಮಗೆ ಕಾಣದು, ಹೊಗೆಯ ಕಣಗಳು ಅದನ್ನು ನಮ್ಮ ಕಣ್ಣಿನ ಕಡೆ ಚೆದುರಿಸುವುದರಿಂದ ಕಾಣುತ್ತದೆ. ಫೋಟೋಕ್ಕೆ ಚೆನ್ನ, ಅಲ್ಲಿ ಇಡೀ ದಿನ ಉಸಿರಾಡುವವರ ಎದೆಗೆ ಅಲ್ಲ. ಎರಡನ್ನೂ ನೆನಪಿಟ್ಟುಕೊಂಡು ಕ್ಲಿಕ್ ಮಾಡಬೇಕು. ಭಟ್ಟಿ ರಸ್ತೆಯಲ್ಲ, ಇನ್ನೊಬ್ಬರ ಕೆಲಸದ ಜಾಗ. ಯಜಮಾನರನ್ನೂ ಕೆಲಸದವರನ್ನೂ ಕೇಳದೆ ಒಳಗೆ ಕಾಲಿಡಬೇಡಿ.

ಮಂಡಕ್ಕಿಯ ರಾಶಿ ತೆಗೆದರೆ ಬೆಳ್ಳಗೆ ಬರುವ ಬದಲು ಬೂದಿ ಬಣ್ಣಕ್ಕೆ ಬರುತ್ತದೆ. ಕಾರಣ ಇದು. ಎದುರಿಗೆ ಇರುವುದೆಲ್ಲ ಸರಾಸರಿಯಲ್ಲಿ ನಡುಬೂದು ಬಣ್ಣ ಅಂತ ಕ್ಯಾಮೆರಾ ನಂಬಿರುತ್ತದೆ. ರಾಶಿ ಬೆಳ್ಳಗಿದ್ದರೆ "ಬೆಳಕು ಜಾಸ್ತಿಯಾಯ್ತು" ಅಂದುಕೊಂಡು ಕಡಿಮೆ ಮಾಡುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಏರಿಸಬೇಕು, ಅಂದರೆ ಕ್ಯಾಮೆರಾದೊಳಗೆ ಬಿಡುವ ಬೆಳಕನ್ನು ಎರಡರಷ್ಟು ಮಾಡಬೇಕು. ಬೆಣ್ಣೆ ದೋಸೆಯ ಕಪ್ಪು ಹಂಚಿನ ಮುಂದೆ ಇದರ ಉಲ್ಟಾ, ಒಂದು ಸ್ಟಾಪ್ ಇಳಿಸಬೇಕು. ಫೋನಿನಲ್ಲಾದರೆ ಪರದೆ ಮುಟ್ಟಿ, ಕಾಣುವ ಸೂರ್ಯನ ಗುರುತನ್ನು ಮೇಲಕ್ಕೋ ಕೆಳಕ್ಕೋ ಎಳೆದರೆ ಆಯ್ತು.

ಯಾರ ಕಷ್ಟ, ಯಾರ ಫೋಟೋ

1936ರ ಮಾರ್ಚ್‌ನಲ್ಲಿ ಅದೇ ಲ್ಯಾಂಗ್, ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಒಬ್ಬ ತಾಯಿ ಮತ್ತು ಮಕ್ಕಳ ಫೋಟೋ ತೆಗೆದರು. ಜಗತ್ತಿನಲ್ಲಿ ಅತಿ ಹೆಚ್ಚು ಮುದ್ರಣವಾದ ಫೋಟೋಗಳಲ್ಲಿ ಅದೊಂದು. ಪೇಪರಿನಲ್ಲಿ ಬಂದ ಮೇಲೆ ಸರ್ಕಾರ ಆ ಬಿಡಾರಕ್ಕೆ 20,000 ಪೌಂಡ್ (ಸುಮಾರು 9,000 ಕೆಜಿ) ಆಹಾರ ಕಳಿಸಿತು. ಅಷ್ಟು ಹೊತ್ತಿಗೆ ಆ ತಾಯಿ ಕೆಲಸ ಹುಡುಕಿಕೊಂಡು ಮುಂದೆ ಹೋಗಿಯಾಗಿತ್ತು. ಫೋಟೋ ತೆಗೆಯುವಾಗ ಲ್ಯಾಂಗ್ ಆ ತಾಯಿಯ ಹೆಸರನ್ನೇ ಕೇಳಿರಲಿಲ್ಲ. ಅವರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅನ್ನುವುದು ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ. ನನ್ನ ಫೋಟೋ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು, ಅದರಿಂದ ನನಗೆ ಒಂದು ಕಾಸೂ ಬರಲಿಲ್ಲ ಎಂಬ ಅರ್ಥದಲ್ಲಿ ಅವರು ಆಗ ನೊಂದು ಮಾತಾಡಿದರು.

ಫೋಟೋ ಒಳ್ಳೆಯ ಕೆಲಸ ಮಾಡಿತು, ಫೋಟೋದಲ್ಲಿದ್ದವರಿಗೆ ಒಳ್ಳೆಯದಾಗಲಿಲ್ಲ. ಎರಡೂ ನಿಜ. ಇದನ್ನು ಬಗೆಹರಿಸುವ ಸೂತ್ರ ಯಾವುದೂ ಇಲ್ಲ.

ಬೆಳಿಗ್ಗೆ ಕೂಲಿ ಅಡ್ಡೆಗೆ ಹೋದರೆ ಇದೇ ಪ್ರಶ್ನೆ ಕನ್ನಡದಲ್ಲಿ ಬರುತ್ತದೆ. ಕರಣೆ, ತೂಗುಗುಂಡು ಚೀಲದಲ್ಲಿಟ್ಟುಕೊಂಡು ಗಾರೆ ಕೆಲಸದವರು ನಿಂತಿರುತ್ತಾರೆ. "ಫೋಟೋ ಹೊಡ್ಕೊಂಡ್ರೆ ಕೆಲಸ ಸಿಗ್ತದೇನಪ್ಪಾ?" ಅಂತ ಹಿರಿಯರೊಬ್ಬರು ಕೇಳಿದರೆ ಪ್ರಾಮಾಣಿಕ ಉತ್ತರ "ಇಲ್ಲ ಯಜಮಾನ್ರೇ" ಅನ್ನುವುದೇ. ಪೇಪರಿಗೆ ಹಾಕುತ್ತೇನೆ, ಸರ್ಕಾರಕ್ಕೆ ಮುಟ್ಟಿಸುತ್ತೇನೆ ಅಂತ ಆಸೆ ಹುಟ್ಟಿಸಬಾರದು. ತೆಗೆದದ್ದನ್ನು ತೋರಿಸಿ, ಬೇಡ ಅಂದರೆ ಅವರೆದುರೇ ಅಳಿಸಿ, ಬೇಕು ಅಂದರೆ ವಾಟ್ಸಾಪ್ ಮಾಡಿ. ಮುಂದಿನ ಸಲ ಒಂದು ಪ್ರಿಂಟ್ ತಂದುಕೊಟ್ಟರೆ ಆ ಅಡ್ಡೆಯಲ್ಲಿ ನೀವು ಹೊರಗಿನವರಾಗಿ ಉಳಿಯುವುದಿಲ್ಲ.

ನನ್ನ ಮಟ್ಟಿಗೆ ಕೆಲವು ಜಾಗಗಳಲ್ಲಿ ಕ್ಯಾಮೆರಾ ಹೊರಗೆ ಬರುವುದೇ ಇಲ್ಲ. ಭಿಕ್ಷೆಗೆ ಚಾಚಿದ ಕೈ, ಆಸ್ಪತ್ರೆ ಬಾಗಿಲಲ್ಲಿ ಅಳುವವರು, ಕುಡಿದು ಬಿದ್ದವರು. ಇವನ್ನು ತೆಗೆಯುವುದು ಬಹಳ ಸುಲಭ, ಲೈಕ್ ಬರುವುದೂ ಖಾತ್ರಿ. ಆದರೆ ಅಲ್ಲಿ ಆ ಮನುಷ್ಯನ ಬಳಿ ಏನಿಲ್ಲ ಅನ್ನುವುದು ಮಾತ್ರ ಕಾಣುತ್ತದೆ. ಏನಿದೆ ಅನ್ನುವುದು, ಅಂದರೆ ಅವನ ಕೆಲಸ, ಕೌಶಲ, ಕುಚೇಷ್ಟೆ, ಸಿಟ್ಟು, ಅದು ಕಾಣಬೇಕಾದರೆ ಹೆಚ್ಚು ಹೊತ್ತು ನಿಲ್ಲಬೇಕು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಫೋಟೋಗಳನ್ನು ನೋಡಿ. ಬಡವರ ಮನೆಯ ಮಕ್ಕಳೇ ಅದರಲ್ಲಿ ತುಂಬಿದ್ದಾರೆ, ಪಾಪ ಅನ್ನಿಸುವಂತೆ ಒಬ್ಬರೂ ನಿಂತಿಲ್ಲ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನವಾಗಿದ್ದು ಅಂಥ ಫೋಟೋಗಳೇ.

ಕಾನೂನಿನ ಮಾತು ಚಿಕ್ಕದು. ರಸ್ತೆಯಲ್ಲಿ ಫೋಟೋ ತೆಗೆಯುವುದೇ ಅಪರಾಧ ಅನ್ನುವ ಕಾನೂನು ಇಲ್ಲ. ಆದರೆ ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನು ಕದ್ದು ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆ ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೇ ಆಗಿದ್ದರು.

ತೆಗೆದಾದ ಮೇಲೆ

ಫೋನಿನಲ್ಲಿ ಸಾವಿರ ಫೋಟೋ ತುಂಬಿಟ್ಟರೆ ಅದು ಗೋದಾಮು. ಒಂದು ವಾರ ಬಿಟ್ಟು ನೋಡಿ, ಹತ್ತರಲ್ಲಿ ಒಂಬತ್ತನ್ನು ತೆಗೆದುಹಾಕಿ. ತೆಗೆದ ದಿನದ ಉತ್ಸಾಹ ಇಳಿದ ಮೇಲೂ ಕಣ್ಣು ನಿಲ್ಲುವುದಾದರೆ ಅದನ್ನು ಇಟ್ಟುಕೊಳ್ಳಿ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ. ಹೊಸ ಹೊಸ ರಸ್ತೆ ಸುತ್ತುವುದಕ್ಕಿಂತ ಒಂದು ಮೂಲೆಯನ್ನು ವರ್ಷವಿಡೀ ನೋಡಿದರೆ ಜಾಸ್ತಿ ಸಿಗುತ್ತದೆ. ಬಾಗಿಲು ಹಾಕಿದ ಅಂಗಡಿ, ಅದೇ ಜಾಗದಲ್ಲಿ ಬಂದ ಇನ್ನೊಂದು ಬೋರ್ಡು, ಬೆಳೆದ ಹುಡುಗ. ಒಂದು ಕಾಲಕ್ಕೆ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ಗಿರಣಿಗಳ ಪಾಳಿ ಮುಗಿದು ಜನ ಗೇಟಿನಿಂದ ಹೊರಗೆ ಬರುತ್ತಿದ್ದುದನ್ನು ದಿನಾ ನೋಡಿದವರು ಇನ್ನೂ ಇದ್ದಾರೆ. ದಿನಾ ಕಾಣುತ್ತಿತ್ತು, ಹಾಗಾಗಿ ಕ್ಯಾಮೆರಾ ಇದ್ದವರಿಗೂ ಅದು ಫೋಟೋ ಅನ್ನಿಸಿರಲಿಕ್ಕಿಲ್ಲ.

ಪ್ರತಿ ಫೋಟೋದ ಕೆಳಗೆ ಒಂದು ಸಾಲು ಬರೆಯಿರಿ. ಕವಿತೆ ಬೇಡ. ಯಾವ ರಸ್ತೆ, ಯಾವ ದಿನ, ಆಗ ಏನು ನಡೆಯುತ್ತಿತ್ತು, ಇಷ್ಟು ಸಾಕು. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿತ್ತು. ಆಗ ತಳ್ಳುಗಾಡಿಯಲ್ಲಿ ಬದನೆ, ಬೆಂಡೆ ರಾಶಿ ಇದ್ದು ಒಂದು ಮೂಲೆಯಲ್ಲಿ ಎಂಟು ಹತ್ತು ಟೊಮೆಟೊ ಮಾತ್ರ ಇದ್ದರೆ, ಆ ಫೋಟೋ ನೋಡಿದವರಿಗೆಲ್ಲ ಅರ್ಥವಾಗುತ್ತಿತ್ತು. ಅದೇ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಆ ದೀಪಾವಳಿಯ ಹೊತ್ತಿಗೆ ತೆಗೆದ ಖಾಲಿ ಬಟ್ಟೆ ಅಂಗಡಿಯ ಫೋಟೋ ಬರೀ ಖಾಲಿ ಅಂಗಡಿಯದ್ದಲ್ಲ. ಆದರೆ ಹತ್ತು ವರ್ಷ ಕಳೆದ ಮೇಲೆ ತಾರೀಕು, ಕಾರಣ ಗೊತ್ತಿಲ್ಲದವರಿಗೆ ಒಂದು ತರಕಾರಿ ಗಾಡಿಯಾಗಿ, ಒಂದು ಅಂಗಡಿಯಾಗಿ ಮಾತ್ರ ಅವು ಕಾಣುತ್ತವೆ. ಹಾಗಾಗಿ ಬರೆಯುವಾಗ ಟೊಮೆಟೊ ರೇಟು, ಮೆಕ್ಕೆಜೋಳದ ಕ್ವಿಂಟಲ್ ರೇಟು, ಅವತ್ತು ಗಾರೆ ಕೆಲಸದವರಿಗೆ ಕೊಟ್ಟ ಕೂಲಿ, ಗೊತ್ತಿದ್ದರೆ ಅದನ್ನೂ ಸೇರಿಸಿಬಿಡಿ.